ಇಪ್ಪತ್ತೆರಡಕ್ಕೆ ಇಪ್ಪತ್ತೆರಡೂ ಆಯ್ತು

ನನ್ನ ಇಪ್ಪತ್ತೈದು ವರ್ಷದ ಸರ್ವಿಸಿನಲ್ಲಿ ನನ್ನನ್ನು ಅತಿ ಹೆಚ್ಚು ಗೋಳು ಹೊಯ್ದುಕೊಂಡ ಮನುಷ್ಯ ಯಾರೆಂದು ಕೇಳಿದರೆ ಯೋಚಿಸಬೇಕಾಗಿಯೇ ಇಲ್ಲ. ಅವನು ಒಂದು ದಿನವೂ ನನಗೆ ಎದುರಾಡಲಿಲ್ಲ, ತಡವಾಗಿ ಬರಲಿಲ್ಲ, ಮೈಗಳ್ಳತನ ಮಾಡಲಿಲ್ಲ. ಹೇಳಿದ್ದಕ್ಕೆಲ್ಲ ‘ಆಯ್ತು’ ಎಂದ. ಆ ಒಂದು ಮಾತಿನಿಂದ ಒಂದು ಸರ್ಕಾರಿ ಕಚೇರಿಗೆ ಕರೆಂಟು ಬರಲಿಲ್ಲ, ನೀರು ಬರಲಿಲ್ಲ, ಕಕ್ಕಸಿಗೆ ಬಾಗಿಲು ಬರಲಿಲ್ಲ. ಬಂದದ್ದು ಒಂದೇ, ನನಗೆ ಬಿ.ಪಿ.

ಅಪ್ಪ ಅಮ್ಮ ಇಟ್ಟ ಹೆಸರು ಅವನಿಗೂ ಇತ್ತು. ಹಾಜರಿ ಪುಸ್ತಕದಲ್ಲಿ ಬಿಟ್ಟರೆ ಅದನ್ನು ಯಾರೂ ಬಳಸುತ್ತಿರಲಿಲ್ಲ. ನಗರದ ಕಚೇರಿಯಲ್ಲಿ ಅಟೆಂಡರಾಗಿದ್ದ ಕಾಲದಿಂದಲೂ ಅವನು ಎಲ್ಲರ ಬಾಯಲ್ಲಿ ಆಯ್ತಪ್ಪ. ನಾನು ಅದನ್ನೇ ನಿಜವಾದ ಹೆಸರೆಂದು ತಿಳಿದು ಮೊದಲ ಮೆಮೋವನ್ನು ‘ಶ್ರೀ ಆಯ್ತಪ್ಪ, ಅಟೆಂಡರ್’ ಎಂದೇ ಬರೆದುಕೊಟ್ಟೆ. ಆ ಪುಣ್ಯಾತ್ಮ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ‘ಆಯ್ತು ಮೇಡಂ’ ಎಂದು ಸಹಿ ಬೇರೆ ಹಾಕಿದ.

ನಾವಿಬ್ಬರೂ ಆ ಊರಿಗೆ ಹೋದದ್ದು ಹೊಸ ಪ್ರಾದೇಶಿಕ ಕಚೇರಿಗಾಗಿ. ಗುಡ್ಡದಾಚೆಯ ಹದಿನೆಂಟು ಊರುಗಳ ಜನ ಒಂದು ವಾಸದ ದೃಢೀಕರಣಕ್ಕೂ, ಹೆಸರಿನಲ್ಲಿ ತಪ್ಪಾದ ಒಂದು ಅಕ್ಷರ ತಿದ್ದಿಸುವುದಕ್ಕೂ ನಾಲ್ಕು ಗಂಟೆ ಬಸ್ಸಿನಲ್ಲಿ ಕುಲುಕಿಕೊಂಡು ನಗರಕ್ಕೆ ಬರಬೇಕಿತ್ತು. ಹನ್ನೆರಡು ವರ್ಷ ಅರ್ಜಿ ಕೊಟ್ಟ ಮೇಲೆ, ಅವರ ಊರಿನಲ್ಲೇ ಒಂದು ಕಚೇರಿ ತೆರೆಯಲು ಆದೇಶವಾಯಿತು. ನನ್ನನ್ನು ಅದರ ಮ್ಯಾನೇಜರ್ ಮಾಡಿದರು. ಕಟ್ಟಡ ಸಜ್ಜು ಮಾಡಿಸಲು ನನಗಿಂತ ಆರು ವಾರ ಮೊದಲೇ ಆಯ್ತಪ್ಪನನ್ನು ಕಳಿಸಿದ್ದರು. ಅದು ಅವನ ಸ್ವಂತ ಊರು.

ನಾನು ಹೊರಡುವ ಹಿಂದಿನ ದಿನ ನಗರದ ಕಚೇರಿಯ ಗುಮಾಸ್ತ ನನ್ನ ಕೈಗೆ ಒಂದು ಪಟ್ಟಿ ಕೊಟ್ಟ. ವಿದ್ಯುತ್ ಸಂಪರ್ಕ, ನೀರಿನ ಟ್ಯಾಂಕು, ಶೌಚಾಲಯ, ಕಂಪ್ಯೂಟರು, ಪ್ರಿಂಟರು, ಕಪಾಟು, ಜನ ಕೂರುವುದಕ್ಕೆ ಬೆಂಚು, ಬಾಗಿಲ ಮೇಲೆ ನಾಮಫಲಕ, ಹೀಗೆ ಇಪ್ಪತ್ತೆರಡು ಬಾಬತ್ತು. ಪ್ರತಿಯೊಂದರ ಎದುರಿಗೂ ಕೆಂಪು ಶಾಯಿಯಲ್ಲಿ ‘ಆಯಿತು’ ಎಂದು ಬರೆದಿತ್ತು. ಕೊನೆಯಲ್ಲಿ ‘ಪ್ರಗತಿ: ಇಪ್ಪತ್ತೆರಡಕ್ಕೆ ಇಪ್ಪತ್ತೆರಡು’. ನಮ್ಮ ಇಲಾಖೆಯಲ್ಲಿ ಒಂದು ಕುರ್ಚಿಯ ಕಾಲು ರಿಪೇರಿಯಾಗಲು ಎರಡು ವರ್ಷ ಬೇಕು. ಆರು ವಾರದಲ್ಲಿ ಇಷ್ಟೆಲ್ಲ ಮಾಡಿಸಿದ ಮಹಾನುಭಾವನನ್ನು ನೋಡುವ ಉತ್ಸಾಹದಲ್ಲೇ ನಾನು ಬಸ್ಸು ಹತ್ತಿದೆ.

ಬಸ್ಸಿನಿಂದ ಇಳಿದಾಗ ಸೂಟ್‌ಕೇಸ್ ಹೊರಲು ಆಯ್ತಪ್ಪ ನಿಂತಿದ್ದ. ಐವತ್ತೆಂಟು ವರ್ಷದ ಸಣಕಲು ಮನುಷ್ಯ, ಇಸ್ತ್ರಿ ಮಾಡಿದ ಅಂಗಿ, ಎಣ್ಣೆ ಹಚ್ಚಿ ಬಾಚಿದ ಕೂದಲು. ಕಚೇರಿ ಎಂದು ನನ್ನನ್ನು ಕರೆದುಕೊಂಡು ಹೋದದ್ದು ಮುಚ್ಚಿಹೋಗಿದ್ದ ಒಂದು ಪಶು ಆಸ್ಪತ್ರೆಗೆ. ಅಂಗಳದಲ್ಲಿ ದನ ನಿಲ್ಲಿಸಿ ಸೂಜಿ ಚುಚ್ಚಲು ಹಾಕಿದ್ದ ಕಬ್ಬಿಣದ ಕಟಕಟೆ ಹಾಗೇ ಇತ್ತು. ಒಳಗೆ ಒಂದು ಮೇಜು, ಒಂದು ಕುರ್ಚಿ, ಗೋಡೆಯ ಮೇಲೆ ಹಸುವಿನ ನಾಲ್ಕು ಹೊಟ್ಟೆಗಳ ಚಿತ್ರ. ಸ್ವಿಚ್ಚು ಒತ್ತಿದೆ, ಏನೂ ಆಗಲಿಲ್ಲ. ನಲ್ಲಿ ತಿರುಗಿಸಿದೆ, ಅದು ಕೈಗೇ ಬಂತು. ನೆಲವೊಂದು ಮಾತ್ರ ಕನ್ನಡಿಯ ಹಾಗೆ ಹೊಳೆಯುತ್ತಿತ್ತು, ಅದನ್ನು ಅವನು ದಿನಾ ಮೂರು ಸಲ ಒರೆಸುತ್ತಿದ್ದನಂತೆ.

ನಾನು ಪಟ್ಟಿ ತೆಗೆದು ಅವನ ಮುಖಕ್ಕೆ ಹಿಡಿದೆ. ಪ್ರತಿ ಮಂಗಳವಾರ ಗುಮಾಸ್ತ ಫೋನ್ ಮಾಡಿ ಒಂದೊಂದೇ ಬಾಬತ್ತು ಓದುತ್ತಿದ್ದನಂತೆ. ಇವನು ಒಂದೊಂದಕ್ಕೂ ಉತ್ತರ ಹೇಳುತ್ತಿದ್ದನಂತೆ.

“ನೀವು ಏನಂತ ಹೇಳಿದ್ರಿ?” ಎಂದೆ.

“ಕರೆಂಟ್ ಹಾಕಿಸ್ಬೇಕು ಅಂದ್ರು ಮೇಡಂ. ಆಯ್ತು ಅಂದೆ.”

“ಹಾಕಿಸಿದ್ರಾ?”

“ಮೂರು ಸಲ ಹೋಗಿ ಹೇಳಿದೀನಿ ಮೇಡಂ. ಬರ್ತೀವಿ ಅಂದಿದಾರೆ.”

ನನಗೆ ತಲೆ ಚಚ್ಚಿಕೊಳ್ಳುವ ಹಾಗಾಯಿತು. ಇವನು ಹೇಳಿದ ‘ಆಯ್ತು’ ಎಂದರೆ ‘ಸರಿ, ಮಾಡಿಸುತ್ತೇನೆ’ ಎಂದು. ಗುಮಾಸ್ತ ಬರೆದುಕೊಂಡ ‘ಆಯಿತು’ ಎಂದರೆ ‘ಮುಗಿಯಿತು’ ಎಂದು. ಇಬ್ಬರಲ್ಲಿ ಒಬ್ಬನೂ ಸುಳ್ಳು ಹೇಳಿರಲಿಲ್ಲ. ಒಬ್ಬನಾದರೂ ಸುಳ್ಳು ಹೇಳಿದ್ದರೆ ಬೈದು ಸಮಾಧಾನವನ್ನಾದರೂ ಮಾಡಿಕೊಳ್ಳಬಹುದಿತ್ತು.

ಇರಲಿ, ಒಂದು ಪತ್ರ ಬರೆದರೆ ಸರಿಹೋಗುತ್ತದೆ ಎಂದುಕೊಂಡೆ, ನನ್ನ ದಡ್ಡತನ. ವಿದ್ಯುತ್ ಸಂಪರ್ಕ ಕೊಡಿಸಿ ಎಂದು ಬರೆದೆ. ಹದಿನೈದು ದಿನಕ್ಕೆ ಉತ್ತರ ಬಂತು: ‘ಸದರಿ ಕಚೇರಿಗೆ ವಿದ್ಯುತ್ ಸಂಪರ್ಕ ಈಗಾಗಲೇ ಆಗಿರುವುದಾಗಿ ವರದಿಯಾಗಿದ್ದು, ಎರಡನೇ ಬಾರಿ ಒದಗಿಸಲು ಅವಕಾಶವಿರುವುದಿಲ್ಲ.’ ನೀರಿಗೆ ಬರೆದೆ, ಅದೇ ಉತ್ತರ. ಪ್ರಿಂಟರಿಗೆ ಬರೆದಾಗ ‘ಈಗಾಗಲೇ ಇರುವ ಪ್ರಿಂಟರನ್ನು ಸಮರ್ಪಕವಾಗಿ ಬಳಸುವುದು’ ಎಂದು ನನಗೇ ಬುದ್ಧಿ ಹೇಳಿದರು. ಇಲ್ಲದ ಪ್ರಿಂಟರನ್ನು ಸಮರ್ಪಕವಾಗಿ ಬಳಸುವುದು ಹೇಗೆಂದು ಯಾರಾದರೂ ಗೊತ್ತಿದ್ದವರು ನನಗೆ ಹೇಳಿಕೊಡಬೇಕು.

ಅಷ್ಟರಲ್ಲಿ ಹದಿನೆಂಟು ಊರುಗಳ ಜನ ಬರಲು ಶುರುಮಾಡಿದ್ದರು. ಮೊದಲ ವಾರ ಬಂದದ್ದು ಎರಡು ಆಡು, ಒಂದು ಕುಂಟುವ ಕರು. ಆಸ್ಪತ್ರೆ ಮತ್ತೆ ತೆರೆದಿದೆ ಎಂದು ಯಾರೋ ಹೇಳಿದ್ದರಂತೆ. ಆಮೇಲೆ ಮನುಷ್ಯರು. ಬೆಂಚಿಲ್ಲದ್ದರಿಂದ ಕಟಕಟೆಯೊಳಗೇ ಸಾಲಾಗಿ ನಿಲ್ಲುತ್ತಿದ್ದರು. ನಾನು ಅರ್ಜಿ ತೆಗೆದುಕೊಳ್ಳಬಹುದಿತ್ತೇ ಹೊರತು, ಕಂಪ್ಯೂಟರಿನಿಂದ ನಂಬರು ಬೀಳದೆ ಒಂದು ಪತ್ರವನ್ನೂ ಕೊಡುವಂತಿರಲಿಲ್ಲ. ನಗರಕ್ಕೇ ಹೋಗಿ ಎಂದರೆ, ಅಲ್ಲಿಯ ಕೌಂಟರಿನಲ್ಲಿ ‘ನಿಮಗೆ ನಿಮ್ಮೂರಲ್ಲೇ ಎಲ್ಲ ಸೌಲಭ್ಯ ಇರೋ ಕಚೇರಿ ಆಗಿದೆಯಲ್ಲ’ ಎಂದು ವಾಪಸ್ ಅಟ್ಟುತ್ತಿದ್ದರು. ಮೊದಲು ನಾಲ್ಕು ಗಂಟೆ ದೂರದಲ್ಲಿದ್ದ ಕೆಲಸ ಈಗ ಎಲ್ಲಿಯೂ ಆಗದಂತಾಯಿತು. ಜನ ನನ್ನನ್ನು ಬೈದರು. ಬೈಯಲೇಬೇಕಾದದ್ದು, ನಾನಾಗಿದ್ದರೆ ಇನ್ನೂ ಜೋರಾಗಿ ಬೈಯುತ್ತಿದ್ದೆ. ಎರಡು ತಿಂಗಳಲ್ಲಿ ನೂರ ನಲವತ್ಮೂರು ಅರ್ಜಿ ಪಶುಗಳ ಔಷಧಿಯ ಹಳೇ ರಟ್ಟಿನ ಪೆಟ್ಟಿಗೆಯಲ್ಲಿ ಕೂತವು.

ಆಯ್ತಪ್ಪನಿಗೆ ಪಾಠ ಹೇಳಲು ಕೂತೆ. ಮಂಗಳವಾರ ಫೋನ್ ಬಂದರೆ ‘ಆಗಿಲ್ಲ’ ಎನ್ನಬೇಕು, ಆ ಹಾಳು ಮಾತು ಬಾಯಿಂದ ಬರಲೇಕೂಡದು ಎಂದೆ. ನೀರು ಬಂತಾ ಅಂದರೆ ಏನು ಹೇಳುತ್ತೀರಿ ಎಂದು ಕೇಳಿದೆ. ‘ಆಗಿಲ್ಲ’ ಎಂದ. ಕರೆಂಟು? ‘ಆಗಿಲ್ಲ.’ ಹತ್ತು ಸಲ ಹೇಳಿಸಿದೆ.

“ಹೀಗೇ ಹೇಳ್ತೀರಾ?” ಎಂದೆ.

“ಆಯ್ತು ಮೇಡಂ” ಎಂದ.

ಮಂಗಳವಾರ ಫೋನ್ ಬಂತು. ನಾನು ಪಕ್ಕದಲ್ಲೇ ನಿಂತಿದ್ದೆ. ಎಲ್ಲ ಆಯಿತೆಂದು ಬರೆದುಕೊಂಡಿದ್ದರೂ ಗುಮಾಸ್ತ ವಾಡಿಕೆಯಂತೆ ನೀರಿನದ್ದು ಕೇಳಿದ. ಆಯ್ತಪ್ಪ ಹಣೆಯ ಬೆವರು ಒರೆಸಿಕೊಂಡು, ನನ್ನ ಮುಖ ನೋಡಿ, ‘ಆಗಿಲ್ಲ ಸಾರ್’ ಎಂದೇಬಿಟ್ಟ. ನನಗೆ ಚಪ್ಪಾಳೆ ತಟ್ಟುವಷ್ಟು ಖುಷಿಯಾಯಿತು. ಆ ಕಡೆಯಿಂದ ಗುಮಾಸ್ತ ‘ಹಾಗಾದ್ರೆ ಬೇಗ ಮಾಡಿಸಿ’ ಎಂದ. ಇವನು ‘ಆಯ್ತು ಸಾರ್’ ಎಂದ. ಫೋನ್ ಕಟ್ ಆಯಿತು. ನಾನು ಗೋಡೆಯ ಮೇಲಿನ ಹಸುವಿನ ನಾಲ್ಕು ಹೊಟ್ಟೆಗಳನ್ನು ಒಂದೊಂದಾಗಿ ಎಣಿಸಿದೆ.

ಆವತ್ತು ಸಂಜೆ ಸಿಟ್ಟು ನೆತ್ತಿಗೇರಿ ನೇರ ಅವನ ಮನೆಗೇ ಹೋದೆ, ಹೆಂಡತಿಯ ಹತ್ತಿರ ದೂರು ಹೇಳೋಣ ಎಂದು. ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಒಂದೂವರೆ ಕೋಣೆಯ ಮನೆ. ಅರ್ಧ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಆಕೆ ಬಟ್ಟೆ ಹೊಲಿಯುತ್ತಿದ್ದಳು. ಗಟ್ಟಿ ಹೆಂಗಸು, ಮಾತು ಕತ್ತರಿ ಹಾಕಿದ ಹಾಗೆ. ನಾನು ಹೇಳುವುದನ್ನೆಲ್ಲ ಹೇಳಿ ಮುಗಿಸುವ ತನಕ ಯಂತ್ರ ನಿಲ್ಲಿಸಲಿಲ್ಲ. ಆಮೇಲೆ ನಿಲ್ಲಿಸಿ, ಹಲ್ಲಿನಲ್ಲಿ ದಾರ ಕಡಿದು, “ನೀವು ಇಷ್ಟಕ್ಕೇ ಸುಸ್ತಾದ್ರಾ ಮೇಡಂ?” ಎಂದಳು.

ಅವನ ಕಥೆಯನ್ನು ಹೇಳಿದ್ದು ಆಕೆಯೇ. ಮದುವೆಯಾದ ಮರುವರ್ಷ ಅವನು ನಗರದ ಕಚೇರಿಗೆ ದಿನಗೂಲಿಯವನಾಗಿ ಸೇರಿದ. ದಿನಾ ಬೆಳಿಗ್ಗೆ ಗೇಟಿನ ಹತ್ತಿರ ಇಪ್ಪತ್ತು ಜನ ನಿಲ್ಲಬೇಕು, ಮೇಸ್ತ್ರಿ ಬಂದು ಎಂಟು ಜನರನ್ನು ಒಳಗೆ ಕರೆಯಬೇಕು. ಇವನ ಜೊತೆ ಇವನಿಗಿಂತ ಚುರುಕಾದವನೊಬ್ಬ ಇದ್ದನಂತೆ. ಒಂದು ದಿನ ಕಬ್ಬಿಣದ ಬೀರುವನ್ನು ಮಹಡಿಗೆ ಒಬ್ಬನೇ ಏರಿಸು ಅಂದಾಗ ಅವನು ‘ಆಗಲ್ಲ ಸಾರ್’ ಅಂದ. ಮಾರನೇ ದಿನ ಅವನನ್ನು ಕರೆಯಲಿಲ್ಲ, ಅದರ ಮಾರನೇ ದಿನವೂ ಕರೆಯಲಿಲ್ಲ. ಆ ಬೀರುವನ್ನು ಮಹಡಿಗೆ ಏರಿಸಿದವನು ಆಯ್ತಪ್ಪ. ಹನ್ನೊಂದು ವರ್ಷ ಗೇಟಿನಲ್ಲಿ ನಿಂತು, ಹನ್ನೊಂದು ವರ್ಷವೂ ಒಳಗೆ ಕರೆಸಿಕೊಂಡ. ಖಾಯಂ ಆದ ಮೇಲೂ ಆ ಗೇಟು ಅವನ ತಲೆಯಿಂದ ಹೋಗಲಿಲ್ಲ.

ಊರಿಗೆ ಬರುತ್ತಿದ್ದದ್ದು ಎರಡು ತಿಂಗಳಿಗೊಮ್ಮೆ. ರಜೆ ಕೇಳಿದರೆ ಸಾಹೇಬರು ‘ಈ ವಾರ ಬೇಡ’ ಎನ್ನುವುದು, ಇವನು ‘ಆಯ್ತು ಸಾರ್’ ಎನ್ನುವುದು. ಮಗಳ ಮದುವೆಗೆ ಬೆಳಗಿನ ಬಸ್ಸಿಗೆ ಬಂದವನು ಸಂಜೆಯ ಬಸ್ಸಿಗೆ ಹೋದ, ಮಾರನೇ ದಿನ ಯಾವುದೋ ತಪಾಸಣೆ ಇತ್ತೆಂದು. ಹೊಸ ಕಚೇರಿ ಆಗುತ್ತದೆ ಎಂಬ ಸುದ್ದಿ ಬಂದಾಗ ತನ್ನನ್ನು ಅಲ್ಲಿಗೆ ಹಾಕಿ ಎಂದು ಕೇಳುವ ಬಾಯಿ ಅವನಿಗೆಲ್ಲಿತ್ತು. ಆಕೆಯೇ ಅರ್ಜಿ ಬರೆದು, ಅವನು ಊರಿಗೆ ಬಂದಾಗ ಸಹಿ ಹಾಕಿಸಿ, ಆಕೆಯೇ ಪೋಸ್ಟು ಮಾಡಿದ್ದಳು.

“ಇನ್ನು ಒಂದು ವರ್ಷ ಹತ್ತು ತಿಂಗಳು ಸರ್ವಿಸಿದೆ” ಎಂದಳು. “ಅದನ್ನಾದ್ರೂ ಇಲ್ಲಿ ಮುಗಿಸ್ಲಿ ಅಂತ. ಅಂಗಿ ಗುಂಡಿಗೆ ಕಾಜಾ ಹೊಲಿಯೋದು ಕಲಿತಾ ಇದಾರೆ. ಒಂದೂ ನೆಟ್ಟಗಿರಲ್ಲ, ಆದ್ರೆ ಸಂಜೆ ಆರಕ್ಕೆ ಪಕ್ಕದಲ್ಲಿ ಕೂತಿರ್ತಾರಲ್ಲ, ಅಷ್ಟು ಸಾಕು.”

ದೂರು ಹೇಳಲು ಹೋದವಳು ಬಾಯಿ ಮುಚ್ಚಿಕೊಂಡು ವಾಪಸ್ ಬಂದೆ. ಅವನ ಮೇಲಿನ ಸಿಟ್ಟು ಮಾತ್ರ ಹೋಗಲಿಲ್ಲ, ಸುಳ್ಳು ಯಾಕೆ ಹೇಳಲಿ. ಮಾರನೇ ದಿನ ಅದೇ ಕಟಕಟೆ, ಅದೇ ಜನ, ಅದೇ ಬೈಗುಳ. ತಡೆಯಲಾರದೆ ನೇರ ದೊಡ್ಡ ಸಾಹೇಬರಿಗೇ ಖಾರವಾಗಿ ಒಂದು ಪತ್ರ ಬರೆದೆ: ಈ ಕಚೇರಿಯಲ್ಲಿ ಇಪ್ಪತ್ತೆರಡರಲ್ಲಿ ಒಂದೂ ಆಗಿಲ್ಲ, ನಿಮ್ಮಲ್ಲಿರುವ ಪ್ರಗತಿ ವರದಿ ಪೂರ್ತಿ ತಪ್ಪು.

ಬುದ್ಧಿಯಿದ್ದವಳಾಗಿದ್ದರೆ ಆ ‘ತಪ್ಪು’ ಎಂಬ ಪದವನ್ನು ಬರೆಯುತ್ತಿರಲಿಲ್ಲ. ತಪ್ಪು ಇದೆ ಎಂದ ಮೇಲೆ ತಪ್ಪು ಮಾಡಿದವನೊಬ್ಬ ಬೇಕು. ನಾನು ಕೇಳಿದ್ದು ನೀರು, ಅವರು ಕಳಿಸಿದ್ದು ವಿಚಾರಣೆ. ಸುಳ್ಳು ಪ್ರಗತಿ ತಿಳಿಸಿದ ಅಟೆಂಡರನ ಹೇಳಿಕೆ ಪಡೆಯಲು ಸಾಹೇಬರು ಖುದ್ದಾಗಿ ಬರುತ್ತಾರೆಂದು ಪತ್ರ ಬಂತು. ಅದನ್ನು ಓದಿ ಹೇಳಿದಾಗ ಆಯ್ತಪ್ಪನ ಮುಖ ಸುಣ್ಣದ ಹಾಗೆ ಬಿಳಿಚಿಕೊಂಡಿತು. ಏನೆಂದ ಎಂದು ಬೇರೆ ಬರೆಯಬೇಕಾಗಿಲ್ಲ.

ಸಾಹೇಬರು ಬಂದರು. ಕೆಟ್ಟವರೇನಲ್ಲ, ದಣಿದವರು. ಬಸವಳಿದು ಇಳಿದವರು ಮೊದಲು ಫ್ಯಾನು ಕೇಳಿದರು, ಆಮೇಲೆ ಕೈ ತೊಳೆಯಲು ನೀರು ಕೇಳಿದರು, ಆಮೇಲೆ ಕಕ್ಕಸು ಎಲ್ಲಿದೆ ಎಂದು ಕೇಳಿ, ನೋಡಿ ಬಂದು, ಮೂಗಿಗೆ ಕರ್ಚೀಫು ಹಿಡಿದು ಕೂತರು. ಆಯ್ತಪ್ಪ ಮನೆಗೆ ಓಡಿದ. ಹೆಂಡತಿ ಒಂದು ಕೊಡ ನೀರು ಹೊತ್ತು ತಂದು ಬಾಗಿಲಲ್ಲಿಟ್ಟು, ಅಲ್ಲೇ ಗೋಡೆಗೆ ಒರಗಿ ನಿಂತಳು.

ಹೊರಗೆ ಕಟಕಟೆಯಲ್ಲಿದ್ದ ಜನ ಕಿಟಕಿಗೆ ಮುತ್ತಿಕೊಂಡರು. ನೀರು ಯಾವಾಗ ಬರುತ್ತೆ, ನಮ್ಮ ಪತ್ರ ಯಾವಾಗ ಕೊಡ್ತೀರಿ ಎಂದು ಒಬ್ಬರ ಮೇಲೊಬ್ಬರು ಕೇಳಿದರು. ಸಾಹೇಬರು ಎಲ್ಲರಿಗೂ ಕೈಯೆತ್ತಿ, ‘ಆಯ್ತಮ್ಮ, ಆಯ್ತು, ಆಯ್ತು’ ಎಂದರು. ನನಗೆ ಪೆನ್ನು ತೆಗೆದು ಅದನ್ನೂ ಕೆಂಪು ಶಾಯಿಯಲ್ಲಿ ಬರೆದುಕೊಳ್ಳಬೇಕೆನಿಸಿತು.

ಕಿಟಕಿ ಮುಚ್ಚಿಸಿ ಅವರು ನನಗೆ ಪರಿಸ್ಥಿತಿ ವಿವರಿಸಿದರು. ವರದಿ ತಪ್ಪೆಂದು ಕಡತದಲ್ಲಿ ಬರಬೇಕಾದರೆ ಯಾರಾದರೂ ಒಬ್ಬರು ಹೊಣೆಯಾಗಬೇಕು. ಆಯ್ತಪ್ಪ ಹೊಣೆಯೆಂದು ಬರೆದು ಅವನನ್ನು ನಗರದ ಕಚೇರಿಗೆ ವಾಪಸ್ ಕರೆಸಿಕೊಂಡರೆ ಬೇರೆ ಶಿಕ್ಷೆ ಇರುವುದಿಲ್ಲ. ಆ ಕಡತ ಮುಚ್ಚುತ್ತದೆ, ಹೊಸ ಪಟ್ಟಿ ತೆರೆಯುತ್ತದೆ, ತಿಂಗಳೊಳಗೆ ಕರೆಂಟು ನೀರು ಎಲ್ಲ ಬರುತ್ತದೆ. ಇಲ್ಲದಿದ್ದರೆ ಪ್ರತಿಯೊಂದಕ್ಕೂ ಬೇರೆ ಬೇರೆ ಮಂಜೂರಾತಿ ಆಗಬೇಕು, ಅದು ಎಷ್ಟು ತಿಂಗಳೋ ಅವರಿಗೂ ಗೊತ್ತಿರಲಿಲ್ಲ. ಒಂದೇ ತೊಡಕು. ನಿವೃತ್ತಿಗೆ ಎರಡು ವರ್ಷದೊಳಗಿರುವವರನ್ನು ಅವರ ಒಪ್ಪಿಗೆಯಿಲ್ಲದೆ ಬೇರೆ ಕಡೆಗೆ ಹಾಕುವಂತಿಲ್ಲ. ಅವನು ಒಪ್ಪುತ್ತಾನಲ್ಲ ಎಂದು ಸಾಹೇಬರು ಕೇಳಿದರು. ಅವನು ಯಾವುದಕ್ಕಾದರೂ ಒಪ್ಪದೆ ಇದ್ದದ್ದನ್ನು ಯಾರು ಕಂಡಿದ್ದಾರೆ.

ರಟ್ಟಿನ ಪೆಟ್ಟಿಗೆಯಲ್ಲಿದ್ದ ನೂರ ನಲವತ್ಮೂರು ಅರ್ಜಿ ನನ್ನ ಕಣ್ಣೆದುರಿಗೇ ಇತ್ತು. ಒಬ್ಬ ಮನುಷ್ಯನ ಒಂದೇ ಒಂದು ಮಾತಿಗೆ ಅಷ್ಟೂ ಹೊರಬರುತ್ತಿತ್ತು. ನನಗೆ ಆ ಕ್ಷಣದಲ್ಲಿ ಎಲ್ಲರ ಮೇಲೂ ಸಿಟ್ಟು ಬಂತು, ಸಾಹೇಬರ ಮೇಲೆ, ಗುಮಾಸ್ತನ ಮೇಲೆ, ಆಯ್ತಪ್ಪನ ಮೇಲೆ, ಆ ಪತ್ರ ಬರೆದ ನನ್ನ ಮೇಲೆ. ಹೇಳಿಕೆಯ ಹಾಳೆ ನನ್ನ ಮುಂದಿತ್ತು. ಪ್ರಶ್ನೆಯನ್ನು ಸಾಹೇಬರು ಹೇಳಿದರು, ನಾನು ಬರೆದೆ: ‘ನಗರದ ಕಚೇರಿಗೆ ಹಿಂತಿರುಗಲು ತಮ್ಮ ಒಪ್ಪಿಗೆ ಇದೆಯೇ?’ ಕೆಳಗೆ ‘ಉತ್ತರ’ ಎಂದು ಬರೆದು ಪೆನ್ನು ಹಿಡಿದು ಕೂತೆ.

ಆಯ್ತಪ್ಪ ಕೈ ಕಟ್ಟಿಕೊಂಡು ನಿಂತಿದ್ದ. ಸಾಹೇಬರು ಕನ್ನಡಕ ಸರಿಮಾಡಿಕೊಂಡು, “ಸೋಮವಾರದಿಂದ ಅಲ್ಲಿಗೇ ಬಂದ್ಬಿಡಿ. ನಿಮ್ಮ ಹಳೇ ರೂಮು ಖಾಲಿ ಇದೆ. ಆಗಬಹುದಾ?” ಎಂದರು.

ಅವನ ತುಟಿ ಅಲುಗಿತು. ಮೊದಲರ್ಧ ಬಾಯಿಂದ ಹೊರಗೂ ಬಂದಿತ್ತು. ಅಷ್ಟರಲ್ಲಿ ಬಾಗಿಲಿನಿಂದ ಹೆಂಡತಿ ಮಾತಾಡಿದಳು.

“ಇವರು ಆಯ್ತು ಅಂತಾರೆ ಸಾರ್. ಅದನ್ನ ಬರ್ಕೋಬೇಡಿ.”

ಸಾಹೇಬರು ಆ ಕಡೆ ತಿರುಗಿದರು. ಆಕೆ ಹತ್ತಿರ ಬರಲಿಲ್ಲ, ದನಿಯನ್ನೂ ಏರಿಸಲಿಲ್ಲ.

“ಪ್ರತಿ ಶನಿವಾರ ಫೋನಲ್ಲಿ ಈ ವಾರ ಬನ್ನಿ ಅಂತಿದ್ದೆ. ಆಯ್ತು ಅಂತಿದ್ರು. ಮಗಳು ಹುಟ್ಟಿದಾಗ ಆಯ್ತು ಅಂದ್ರು, ನನಗೆ ಆಪರೇಶನ್ ಆದಾಗ ಆಯ್ತು ಅಂದ್ರು. ಅವರು ಅಂದಿದ್ದು ಯಾವುದೂ ಆಗ್ಲಿಲ್ಲ ಸಾರ್. ಮೂವತ್ತೊಂದು ವರ್ಷ ಆಯ್ತು. ಅದೊಂದೇ ಆಗಿದ್ದು.”

ಸಾಹೇಬರು ಆಯ್ತಪ್ಪನನ್ನು ಮತ್ತೊಂದು ಸಲ ಕೇಳಿದರು, ಈ ಸಲ ಮೆಲ್ಲಗೆ. ಆಯ್ತಪ್ಪ ಸಾಹೇಬರನ್ನು ನೋಡಿದ, ಹೆಂಡತಿಯನ್ನು ನೋಡಿದ. ‘ಆಗಲ್ಲ’ ಎನ್ನಲು ಅವನಿಂದ ಆಗಲಿಲ್ಲ, ಅದು ನನಗೆ ಕಾಣುತ್ತಿತ್ತು. ಆದರೆ ತನ್ನ ಆ ಹಳೇ ಮಾತನ್ನೂ ಅವನು ಆಡಲಿಲ್ಲ. ಬೆವರುತ್ತ, ಬಾಯಿ ಬಿಗಿದುಕೊಂಡು ನಿಂತೇ ಇದ್ದ. ಕಬ್ಬಿಣದ ಬೀರುವನ್ನು ಹೊತ್ತಾಗಲೂ ಅಷ್ಟು ಕಷ್ಟಪಟ್ಟಿರಲಾರ.

ನಾನು ‘ಉತ್ತರ’ ಎಂಬುದರ ಮುಂದೆ ‘ಇಲ್ಲ’ ಎಂದು ಬರೆದು ಹಾಳೆಯನ್ನು ಸಾಹೇಬರ ಕಡೆ ತಳ್ಳಿದೆ.

ಅವರು ಓದಿದರು. ‘ಒಪ್ಪಿಗೆ ಇದೆಯೇ? ಉತ್ತರ: ಇಲ್ಲ.’ ಇನ್ನೊಂದು ಸಲ ಓದಿದರು.

“ಇದನ್ನ ಅವರು ಹೇಳಿದ್ರಾ?” ಎಂದರು.

“ಉತ್ತರ ಇಲ್ಲ ಸಾರ್” ಎಂದೆ. “ಇದ್ದದ್ದನ್ನೇ ಬರೆದಿದೀನಿ.”

“ಎರಡು ಥರ ಓದ್ಬಹುದು ಇದನ್ನ.”

“ನಿಮ್ಮ ಗುಮಾಸ್ತರು ಒಂದೇ ಥರ ಓದ್ತಾರೆ ಸಾರ್.”

ಅವರು ನನ್ನನ್ನು ದುರುಗುಟ್ಟಿ ನೋಡಿದರು. ನಗುತ್ತಾರೇನೋ ಎಂದುಕೊಂಡೆ, ನಗಲಿಲ್ಲ. ನೀರು ಬರುವುದು ತಡವಾಗುತ್ತದೆ, ಆಮೇಲೆ ನನ್ನನ್ನು ಕೇಳಬೇಡಿ ಎಂದರು. ನಾನು ಗೊತ್ತು ಎಂದೆ. ಹಾಳೆಯ ಕೆಳಗೆ ಸಹಿ ಹಾಕಿ, ಕೊಡದ ನೀರಿನಲ್ಲಿ ಮುಖ ತೊಳೆದುಕೊಂಡು ಜೀಪು ಹತ್ತಿದರು. ನಾನು ಕಿಟಕಿ ತೆಗೆದು, ಕಟಕಟೆಯಲ್ಲಿದ್ದವರಿಗೆ ಇನ್ನೂ ಕೆಲವು ತಿಂಗಳು ಕಾಯಬೇಕೆಂದು ಹೇಳಿದೆ. ಅವರು ಬೈದರು, ನಾನು ಬೈಸಿಕೊಂಡೆ.

ಊಟದ ಹೊತ್ತಾಗಿತ್ತು. ಆಯ್ತಪ್ಪ ಇನ್ನೂ ಕೈ ಕಟ್ಟಿಕೊಂಡೇ ನಿಂತಿದ್ದ, ಏನಾಯಿತೆಂದು ಅವನಿಗೆ ತಿಳಿದ ಹಾಗಿರಲಿಲ್ಲ. ಹೆಂಡತಿ ಖಾಲಿ ಕೊಡವನ್ನು ಸೊಂಟಕ್ಕೇರಿಸಿಕೊಂಡು, “ನಡೀರಿ, ಊಟ ಆರ್ತಾ ಇದೆ” ಎಂದಳು.

“ಬಂದೆ” ಎಂದು ಅವನು ಅವಳ ಹಿಂದೆ ಹೊರಟ.